ಅಮ್ಮ ಮೊದಲು ಪಿಟೀಲು ಹಿಡಿಯಲಿ!

ಮಗು ಮಾತು ಕಲಿಯುವ ಹಾಗೆಯೇ ಸಂಗೀತವನ್ನೂ ಕಲಿಯಬಲ್ಲದು ಎಂದು ನಂಬಿ, ಆ ನಂಬಿಕೆಗಾಗಿ ಇಡೀ ಜೀವನ ಸವೆಸಿದವರು ಜಪಾನಿನ ಪಿಟೀಲು ಮೇಷ್ಟ್ರು ಶಿನಿಚಿ ಸುಜುಕಿ. ಅವರ ಶಾಲೆಯಲ್ಲಿ ಮೊದಲ ಪಾಠ ಮಗುವಿಗಲ್ಲ, ಅಮ್ಮನಿಗೆ!

'ನಮ್ಮ ಪುಟ್ಟಿಗೆ ಸಂಗೀತ ಹತ್ತೋದಿಲ್ಲ ಕಣ್ರೀ. ಆರು ತಿಂಗಳು ಕಳಿಸಿದೆ, ಆಮೇಲೆ ಬಿಡಿಸಿಬಿಟ್ಟೆ.'

ಈ ಮಾತನ್ನು ನೀವೂ ಕೇಳಿರುತ್ತೀರಿ. ಒಂದೊಂದು ಸಲ ನೀವೇ ಹೇಳಿಯೂ ಇರಬಹುದು! ಸಾವಿರಾರು ರೂಪಾಯಿ ಕೊಟ್ಟು ತಂದ ಪಿಟೀಲು ಅಟ್ಟ ಸೇರಿರುತ್ತದೆ. ಸರಳೆ ವರಸೆ ಮುಗಿದು ಜಂಟಿ ವರಸೆಗೆ ಬರುವಷ್ಟರಲ್ಲಿ ಮಗುವಿನ ಉತ್ಸಾಹ ಇಳಿದಿರುತ್ತದೆ. ಸಂಜೆಯಾದರೆ 'ಪ್ರಾಕ್ಟೀಸ್ ಮಾಡು' ಅಂತ ಅಮ್ಮ, 'ಆಮೇಲೆ' ಅಂತ ಮಗು. ಕೊನೆಗೆ ಎಲ್ಲರಿಗೂ ಸಮಾಧಾನ ಕೊಡುವ ತೀರ್ಪು ಒಂದೇ, 'ಪಾಪ, ಅವಳಿಗೆ ಅದು ಹುಟ್ಟಿನಿಂದ ಬಂದಿಲ್ಲ.'

ಈ ತೀರ್ಪನ್ನು ಜೀವಮಾನವಿಡೀ ಒಪ್ಪದೇ ಇದ್ದ ಒಬ್ಬ ಮೇಷ್ಟ್ರು ಇದ್ದರು. ಹೆಸರು ಶಿನಿಚಿ ಸುಜುಕಿ. ಸುಜುಕಿ ಎಂದ ಕೂಡಲೇ ಕಾರು ನೆನಪಾಯಿತೇ? ಆ ಕಂಪನಿಗೂ ಇವರಿಗೂ ಸಂಬಂಧವಿಲ್ಲ. ಜಪಾನಿನಲ್ಲಿ ಇದು ತೀರಾ ಸಾಮಾನ್ಯವಾದ ಮನೆತನದ ಹೆಸರು. ಇಂದು ಹತ್ತಾರು ದೇಶಗಳಲ್ಲಿ ಮೂರು, ನಾಲ್ಕು ವರ್ಷದ ಚಿಣ್ಣರು ಬೆರಳುದ್ದದ ಕೈಯಲ್ಲಿ ಪಿಟೀಲು ಹಿಡಿದು ನಿಲ್ಲುತ್ತಿದ್ದರೆ ಅದಕ್ಕೆ ಬಹುಮಟ್ಟಿಗೆ ಇವರೇ ಕಾರಣ. ಅವರ ಬದುಕಿನ ಕಥೆಯಲ್ಲಿ ನಮ್ಮಂಥ ಅಮ್ಮಂದಿರಿಗೆ ಕಲಿಯುವುದು ಬೇಕಾದಷ್ಟಿದೆ.

ಪಿಟೀಲಿನ ಕಾರ್ಖಾನೆಯ ಹುಡುಗ

ಸುಜುಕಿ ಹುಟ್ಟಿದ್ದು 1898ರ ಅಕ್ಟೋಬರ್ 17ರಂದು, ನಗೋಯಾ ಪಟ್ಟಣದಲ್ಲಿ. ಅವರದು 'ಶಾಮಿಸೆನ್' ಎಂಬ ಮೂರು ತಂತಿಯ ಜಪಾನಿ ವಾದ್ಯ ತಯಾರಿಸುತ್ತಿದ್ದ ಮನೆತನ. ತಂದೆ ಮಸಾಕಿಚಿ ಸುಜುಕಿ ಪಾಶ್ಚಾತ್ಯ ಪಿಟೀಲು ನೋಡಿ ಮರುಳಾಗಿ ತಾವೂ ಮಾಡತೊಡಗಿದರು. ಮುಂದೆ ಅವರದು ಜಪಾನಿನ ದೊಡ್ಡ ಪಿಟೀಲು ಕಾರ್ಖಾನೆಯಾಗಿ ಬೆಳೆಯಿತು.

ಇಂಥ ಮನೆಯ ಮಗ ತೊಟ್ಟಿಲಲ್ಲೇ ಪಿಟೀಲು ಹಿಡಿದಿರಬೇಕು ಅಂದುಕೊಂಡಿರಾ? ಇಲ್ಲ! ಅಣ್ಣ ತಮ್ಮಂದಿರು ಜಗಳವಾಡುವಾಗ ಪಿಟೀಲಿನಲ್ಲೇ ಬಡಿದಾಡಿಕೊಳ್ಳುತ್ತಿದ್ದರಂತೆ. ಅವರ ಪಾಲಿಗೆ ಅದು ಮರದ ಪೆಟ್ಟಿಗೆ, ಬರೀ ಆಟದ ಸಾಮಾನು. ಶಿನಿಚಿ ಸೇರಿದ್ದು ವಾಣಿಜ್ಯ ಶಾಲೆಗೆ. ಓದು ಮುಗಿದ ಮೇಲೆ ಅಪ್ಪನ ಕಾರ್ಖಾನೆಯಲ್ಲಿ ದುಡಿಯುವುದೆಂದು ಗೊತ್ತಾಗಿತ್ತು.

ಹದಿನೇಳನೆಯ ವಯಸ್ಸಿನ ಸುಮಾರಿಗೆ ಮನೆಗೆ ಒಂದು ಗ್ರಾಮಫೋನ್ ಬಂತು. ಜೊತೆಗೆ ಪ್ರಸಿದ್ಧ ಪಿಟೀಲುವಾದಕ ಮಿಶಾ ಎಲ್ಮನ್ ನುಡಿಸಿದ ಶೂಬರ್ಟ್‌ನ 'ಆವೆ ಮರಿಯಾ' ತಟ್ಟೆ. ಅದನ್ನು ಕೇಳಿದ ಹುಡುಗ ದಂಗಾಗಿ ಕುಳಿತುಬಿಟ್ಟ. ತಾನು ಆಟಿಕೆ ಅಂದುಕೊಂಡಿದ್ದ ಪೆಟ್ಟಿಗೆಯಿಂದ ಇಂಥ ನಾದ ಬರುತ್ತದೆಯೇ? ಕಾರ್ಖಾನೆಯಿಂದ ಒಂದು ಪಿಟೀಲು ಮನೆಗೆ ತಂದು, ತಟ್ಟೆ ಕೇಳುತ್ತಾ ಕೇಳುತ್ತಾ ತಾನೇ ನುಡಿಸಲು ಶುರು ಮಾಡಿದ. ಗುರುವಿಲ್ಲ, ಪುಸ್ತಕವಿಲ್ಲ. ಕಿವಿಯೇ ಗುರು.

ಪಿಟೀಲಿನ ಲೋಕದಲ್ಲಿ ಹದಿನೇಳು ಎಂದರೆ ಬಲು ತಡ. ಆದರೂ ಹುಡುಗ ಬಿಡಲಿಲ್ಲ. ಟೋಕಿಯೋದಲ್ಲಿ ಸ್ವಲ್ಪ ಕಾಲ ಪಾಠ ಹೇಳಿಸಿಕೊಂಡು 1921ರಲ್ಲಿ ಜರ್ಮನಿಯ ಬರ್ಲಿನ್‌ಗೆ ಹೊರಟ. ಅಲ್ಲಿ ಕಾರ್ಲ್ ಕ್ಲಿಂಗ್ಲರ್ ಎಂಬ ವಾದಕರ ಬಳಿ ಕಲಿಕೆ. ಸ್ವತಃ ಪಿಟೀಲು ನುಡಿಸುತ್ತಿದ್ದ ವಿಜ್ಞಾನಿ ಐನ್‌ಸ್ಟೈನ್ ಅವರ ಪರಿಚಯವೂ ಆಯಿತು. 1928ರಲ್ಲಿ ವಾಲ್ಟ್ರೌಟ್ ಪ್ರಾಂಗೆ ಎಂಬ ಜರ್ಮನ್ ಗಾಯಕಿಯ ಕೈಹಿಡಿದು, ಅದೇ ವರ್ಷ ಊರಿಗೆ ಮರಳಿದರು.

ನಾಲ್ಕು ವರ್ಷದ ಶಿಷ್ಯ

ಜಪಾನಿಗೆ ಬಂದ ಸುಜುಕಿ ಸಹೋದರರ ಜೊತೆಗೂಡಿ ಕಛೇರಿ ಮಾಡುತ್ತಾ, ಕಾಲೇಜು ವಯಸ್ಸಿನವರಿಗೆ ಪಾಠ ಹೇಳುತ್ತಿದ್ದರು. 1931ರ ಸುಮಾರಿಗೆ ತಂದೆಯೊಬ್ಬರು ನಾಲ್ಕು ವರ್ಷದ ಮಗನನ್ನು ಕರೆತಂದು, ಇವನಿಗೆ ಪಿಟೀಲು ಕಲಿಸಿ ಎಂದರು. ಮೇಷ್ಟ್ರು ತಬ್ಬಿಬ್ಬು! ನಾಲ್ಕು ವರ್ಷದ ಮಗುವಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಶಾಸ್ತ್ರ ಹೇಳಿದರೆ ತಿಳಿಯುವುದಿಲ್ಲ. ಕಲಿಸುವುದಾದರೂ ಹೇಗೆ?

ಅದೇ ತಲೆಬಿಸಿಯಲ್ಲಿದ್ದಾಗ ಒಂದು ಯೋಚನೆ ಮಿಂಚಿನಂತೆ ಹೊಳೆಯಿತು. ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆ ಮಾತಾಡುತ್ತಾರಲ್ಲ!

ಇದೇನು ಮಹಾ ಸಂಶೋಧನೆ ಅಂತ ನಗಬೇಡಿ. ಒಂದು ಕ್ಷಣ ನಮ್ಮ ಮನೆಯನ್ನೇ ನೋಡಿಕೊಳ್ಳಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳಿವೆ, ಲಿಂಗ ವಚನಗಳಿವೆ, ದೊಡ್ಡವರಿಗೆ 'ಬನ್ನಿ', ಚಿಕ್ಕವರಿಗೆ 'ಬಾ' ಎಂಬ ವ್ಯತ್ಯಾಸವಿದೆ. ಮೂರು ವರ್ಷದ ಮಗು ಇದನ್ನೆಲ್ಲ ಯಾವ ಟ್ಯೂಷನ್‌ಗೆ ಹೋಗಿ ಕಲಿಯಿತು? ಧಾರವಾಡದ ಕೂಸು ಧಾರವಾಡದ ಧಾಟಿಯಲ್ಲೇ, ಮಂಗಳೂರಿನ ಕೂಸು ಅಲ್ಲಿಯ ರಾಗದಲ್ಲೇ ಮಾತಾಡುತ್ತದೆ. ಅದು ಹುಟ್ಟಿದ್ದಕ್ಕೆ ಬಂದದ್ದಲ್ಲ, ಕೇಳಿ ಕೇಳಿ ಬಂದದ್ದು. ಮಗು 'ಅತ್ತೆ' ಎನ್ನುವುದಕ್ಕೆ ಮೊದಲು ಆ ಪದವನ್ನು ಅದೆಷ್ಟು ಸಾವಿರ ಸಲ ಕೇಳಿರುತ್ತದೋ! ತೊದಲಿದರೆ ನಾವು ಗದರುವುದಿಲ್ಲ, ಮುದ್ದು ಮಾಡುತ್ತೇವೆ. ಒಂದು ಪದ ಬಂದ ಮೇಲೆ ಅದನ್ನು ಬಿಟ್ಟು ಮುಂದಕ್ಕೂ ಓಡುವುದಿಲ್ಲ, ಹಳೆಯದರ ಜೊತೆಗೇ ಹೊಸದು ಸೇರುತ್ತದೆ. 'ನಮ್ಮ ಮಗುವಿಗೆ ಕನ್ನಡ ಹತ್ತೋದಿಲ್ಲ, ಬಿಡಿಸಿಬಿಟ್ಟೆ' ಎಂದ ಅಮ್ಮನನ್ನು ಎಲ್ಲಾದರೂ ಕಂಡಿದ್ದೀರಾ?

ಹಾಗಿದ್ದರೆ ಸಂಗೀತವನ್ನೂ ಹೀಗೇ ಕಲಿಸಬಾರದೇಕೆ ಎಂಬುದೇ ಸುಜುಕಿಯವರ ಪ್ರಶ್ನೆ. ಮುಂದೆ ಇದಕ್ಕೆ 'ಮಾತೃಭಾಷಾ ವಿಧಾನ' ಎಂದೇ ಹೆಸರಾಯಿತು. ಆ ನಾಲ್ಕು ವರ್ಷದ ಹುಡುಗ ತೋಶಿಯಾ ಎಟೊ ಬೆಳೆದು ಜಪಾನಿನ ಹೆಸರಾಂತ ಪಿಟೀಲುವಾದಕನಾದ, ಅಮೆರಿಕದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಪಾಠವನ್ನೂ ಹೇಳಿದ.

ಅಮ್ಮನಿಗೇ ಮೊದಲ ಪಾಠ

ಈಗ ಮುಖ್ಯ ವಿಷಯಕ್ಕೆ ಬರೋಣ. ಸುಜುಕಿ ಪದ್ಧತಿಯಲ್ಲಿ ಮಗು ಕ್ಲಾಸಿಗೆ ಸೇರಿದ ಕೂಡಲೇ ಅದರ ಕೈಗೆ ಪಿಟೀಲು ಕೊಡುವುದಿಲ್ಲ. ಅಮ್ಮ ಮೊದಲು ಕಲಿಯಬೇಕು! ಪಿಟೀಲು ಹಿಡಿಯುವುದು, ಕಮಾನು ಎಳೆಯುವುದು, ಒಂದು ಸಣ್ಣ ಹಾಡು ನುಡಿಸುವುದು, ಇಷ್ಟು ಅಮ್ಮನಿಗೆ ಬರಬೇಕು. ಅದೂ ಮಗುವಿನ ಅಳತೆಯ ಪುಟ್ಟ ಪಿಟೀಲಿನಲ್ಲೇ. ಮನೆಯಲ್ಲಿ ಅಮ್ಮ ನುಡಿಸುತ್ತಿರುತ್ತಾಳೆ, ಮಗು ನೋಡುತ್ತಿರುತ್ತದೆ. ಕ್ಲಾಸಿನಲ್ಲಿ ಬೇರೆ ಮಕ್ಕಳೂ ನುಡಿಸುತ್ತಾರೆ, ಅದನ್ನೂ ನೋಡುತ್ತದೆ. ದಿನಾ ಅದೇ ಹಾಡಿನ ಧ್ವನಿಮುದ್ರಿಕೆ ಮನೆಯಲ್ಲಿ ಕೇಳಿಬರುತ್ತಿರುತ್ತದೆ.

ಮಕ್ಕಳ ಸ್ವಭಾವ ನಮಗೆ ಗೊತ್ತಿಲ್ಲವೇ? ಅಮ್ಮ ಚಪಾತಿ ಲಟ್ಟಿಸುತ್ತಿದ್ದರೆ ತನಗೂ ಲಟ್ಟಣಿಗೆ ಬೇಕು. ಅಮ್ಮ ರಂಗೋಲಿ ಹಾಕುತ್ತಿದ್ದರೆ ತಾನೂ ಗೆರೆ ಎಳೆಯಬೇಕು. ಹಾಗೆಯೇ ಒಂದು ದಿನ ಮಗು ಅಮ್ಮನ ಕೈಯಿಂದ ಪಿಟೀಲು ಕಿತ್ತುಕೊಳ್ಳಲು ಬರುತ್ತದೆ. 'ನಂಗೂ ಬೇಕು' ಎನ್ನುತ್ತದೆ. ಆ ದಿನಕ್ಕಾಗಿಯೇ ಮೇಷ್ಟ್ರು ಕಾಯುತ್ತಿದ್ದದ್ದು. ಒತ್ತಾಯವಿಲ್ಲದೆ ಆಸೆ ಹುಟ್ಟಿದ ಮೇಲೆ ಪಾಠ ಶುರು.

ಆ ಪಾಠವಾದರೂ ಎಷ್ಟು ಹೊತ್ತು? ಮೊದಮೊದಲು ಎರಡು ಮೂರು ನಿಮಿಷ, ಅಷ್ಟೇ. ಮೊದಲು ಕಲಿಯುವುದು ಕೈಕಾಲು ಜೋಡಿಸಿ ನಿಂತು ಗುರುವಿಗೆ ತಲೆಬಾಗಿ ನಮಸ್ಕರಿಸುವುದನ್ನು. ಕಾಲು ಎಲ್ಲಿಡಬೇಕೆಂದು ಹಾಳೆಯ ಮೇಲೆ ಪಾದದ ಗುರುತು ಬರೆದಿರುತ್ತಾರೆ. ಮೊದಲ ಹಾಡು 'ಟ್ವಿಂಕಲ್ ಟ್ವಿಂಕಲ್' ಧಾಟಿಯದು, ಅದನ್ನೇ ಬೇರೆ ಬೇರೆ ಲಯಗಳಲ್ಲಿ ತಿರುಗಿಸಿ ಮುರುಗಿಸಿ ನುಡಿಸುವುದು. ನಮ್ಮಲ್ಲಿ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಮಾಯಾಮಾಳವಗೌಳದ ಸರಳೆಗಳಿದ್ದ ಹಾಗೆ ಅವರಿಗೆ ಇದು. ಸ್ವರಲಿಪಿ ಓದುವುದು ಆಮೇಲೆ. ಮಾತು ಬಂದ ಎಷ್ಟೋ ವರ್ಷದ ನಂತರ ತಾನೇ ಮಗು ಅಕ್ಷರ ತಿದ್ದುವುದು?

ದಿನಾ ಅಭ್ಯಾಸ ಮಾಡಲೇಬೇಕಾ ಅಂತ ಕೇಳಿದವರಿಗೆ, ಊಟ ಮಾಡಿದ ದಿನ ಮಾತ್ರ ಮಾಡಿದರೆ ಸಾಕು ಎಂದು ಮೇಷ್ಟ್ರು ನಗುತ್ತಾ ಹೇಳುತ್ತಿದ್ದರಂತೆ!

ಪುನರಾವರ್ತನೆಯ ವಿಷಯಕ್ಕೆ ಅವರು ಹೇಳುತ್ತಿದ್ದ ಗಿಳಿಯ ಕಥೆ ಸೊಗಸಾಗಿದೆ. ಅವರ ಶಾಲೆಯ ಶಿಕ್ಷಕರೊಬ್ಬರು ಪೀಕೋ ಎಂಬ ಪುಟ್ಟ ಗಿಳಿ ಸಾಕಿದ್ದರು. ಅದಕ್ಕೆ ತನ್ನ ಹೆಸರು ಹೇಳಿಕೊಡಲು ದಿನಕ್ಕೆ ಐವತ್ತು ಸಲದಂತೆ ಎರಡು ತಿಂಗಳು, ಅಂದರೆ ಸುಮಾರು 3 ಸಾವಿರ ಸಲ ಹೇಳಿದ ಮೇಲೆ ಗಿಳಿ ಬಾಯಿಬಿಟ್ಟಿತು. ಆಮೇಲಿನ ಪದಗಳನ್ನು ಅದು ಬಲು ಬೇಗ ಕಲಿಯಿತಂತೆ. ಎರಡು ಸಾವಿರದ ಒಂಬೈನೂರಕ್ಕೆ ನಿಲ್ಲಿಸಿದ್ದರೆ? 'ಈ ಗಿಳಿಗೆ ಮಾತು ಹತ್ತೋದಿಲ್ಲ' ಎನ್ನುತ್ತಿದ್ದೆವು!

ಗದರದೆ ತಿದ್ದಿದ ಮನೆ

ಸುಜುಕಿ ದಂಪತಿಗೆ ಮಕ್ಕಳಿರಲಿಲ್ಲ. ಎರಡನೆಯ ಮಹಾಯುದ್ಧ ಅವರನ್ನು ದಿಕ್ಕಾಪಾಲು ಮಾಡಿತು. ಜರ್ಮನ್ ಮೂಲದ ಪತ್ನಿ ದೂರದ ಹಾಕೊನೆಯಲ್ಲಿ ಇರಬೇಕಾಯಿತು. ಯುದ್ಧವಿಮಾನಕ್ಕೆ ಬೇಕಾದ ಮರದ ಭಾಗಗಳನ್ನು ಮಾಡತೊಡಗಿದ ಅಪ್ಪನ ಕಾರ್ಖಾನೆಗೆ ಮರ ಒದಗಿಸಲು ಶಿನಿಚಿ ಗುಡ್ಡಗಾಡಿನ ಊರೊಂದಕ್ಕೆ ಹೋದರು. ಅನ್ನಕ್ಕೂ ತತ್ವಾರದ ದಿನಗಳು ಅವು.

ಆಗ ಅವರಿಗೆ ಹಳೆಯ ಶಿಷ್ಯ ಕೋಜಿ ತೊಯೊದಾ ಎಂಬ ಹುಡುಗನ ಚಿಂತೆ ಹತ್ತಿತು. ಅವನ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಎಲ್ಲಿದ್ದಾನೋ ಗೊತ್ತಿಲ್ಲ. ರೇಡಿಯೋದಲ್ಲಿ ಪ್ರಕಟಣೆ ಕೊಡಿಸಿ ಹುಡುಕಿಸಿದರು. ಬಂಧುವೊಬ್ಬರ ಹೆಂಡದಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದ ಹುಡುಗ ಸಿಕ್ಕಿದ. ಮನೆಗೆ ಕರೆತಂದು ಮಗನಂತೆ ಸಾಕಿದರು.

ಹೆಂಡದಂಗಡಿಯಲ್ಲಿ ಬೆಳೆದ ಹುಡುಗನ ಮಾತು, ನಡತೆ ಒರಟಾಗಿತ್ತು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ದಿನಕ್ಕೆ ಹತ್ತು ಸಲ ತಿದ್ದುತ್ತಿದ್ದೆವು, ಗದರುತ್ತಿದ್ದೆವು. ಸುಜುಕಿ ಮಾಡಿದ್ದೇ ಬೇರೆ. ಮನೆಯವರನ್ನು ಕೂರಿಸಿಕೊಂಡು, ಹುಡುಗನಿಗೆ ಏನೂ ಹೇಳಬೇಡಿ, ನಾವೆಲ್ಲ ನಮ್ಮ ನಡೆನುಡಿ ತಿದ್ದಿಕೊಳ್ಳೋಣ ಎಂದರು. ಹೊರಗೆ ಹೋಗುವಾಗ ಹೇಳಿಹೋಗುವುದು, ಬಂದಾಗ 'ಬಂದೆ' ಎನ್ನುವುದು, ಒಬ್ಬರೊಡನೊಬ್ಬರು ಮೃದುವಾಗಿ ಮಾತಾಡುವುದು, ಇದನ್ನೆಲ್ಲ ದೊಡ್ಡವರೇ ಚಾಚೂತಪ್ಪದೆ ಪಾಲಿಸತೊಡಗಿದರು. ಹುಡುಗ ತಾನಾಗಿ ಬದಲಾದ. ಮುಂದೆ ಇದೇ ಕೋಜಿ ಬರ್ಲಿನ್ ರೇಡಿಯೋ ವಾದ್ಯವೃಂದದ ಮುಖ್ಯ ಪಿಟೀಲುವಾದಕನಾದ. ಮೇಷ್ಟ್ರು ಯೌವನದಲ್ಲಿ ಕಲಿಯಲು ಹೋಗಿದ್ದ ಊರಿನಲ್ಲೇ ಶಿಷ್ಯ ಮೊದಲ ಕುರ್ಚಿಯಲ್ಲಿ ಕುಳಿತ!

ಐವತ್ತರ ಹೊಸ್ತಿಲಲ್ಲಿ ಹೊಸ ಶಾಲೆ

ಯುದ್ಧ ಮುಗಿದಾಗ ಊರುಗಳು ಸುಟ್ಟು ಬೂದಿಯಾಗಿದ್ದವು. ಗುಡ್ಡಗಳ ನಡುವಿನ ಮಾತ್ಸುಮೊತೊ ಊರಿನವರು ಒಂದು ಸಂಗೀತ ಶಾಲೆ ಕಟ್ಟಲು ಸುಜುಕಿಯವರನ್ನು ಕರೆದರು. ಅವರು ಒಂದೇ ಷರತ್ತು ಹಾಕಿದರು. ಈಗಾಗಲೇ ನುಡಿಸುವವರನ್ನು ತಿದ್ದುವ ಕೆಲಸ ಬೇಡ, ಪುಟ್ಟ ಮಕ್ಕಳಿಂದ ಹೊಸದಾಗಿ ಶುರು ಮಾಡಬೇಕು. 1946ರಲ್ಲಿ ಶಾಲೆ ಆರಂಭವಾಯಿತು. ಮೇಷ್ಟ್ರಿಗೆ ಆಗ ಹತ್ತಿರ ಹತ್ತಿರ ಐವತ್ತು.

ಪರೀಕ್ಷೆ ಮಾಡಿ, ಆರಿಸಿ ಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಬಂದ ಮಗುವಿಗೆಲ್ಲ ಪಾಠ. ಕಣ್ಣು ಕಾಣದ ಹುಡುಗನೊಬ್ಬನಿಗೂ, ಕಮಾನಿನ ತುದಿಯನ್ನು ಎಡಗೈಗೆ ಮುಟ್ಟಿಸುವ ಆಟ ಕಟ್ಟಿ, ಕೈಗಳಿಂದಲೇ 'ನೋಡುವುದನ್ನು' ಕಲಿಸಿದರು. ಮುಂದಿನ ಹಂತಕ್ಕೆ ಹೋಗುವ ಮಕ್ಕಳು ತಮ್ಮ ವಾದನವನ್ನು ಟೇಪಿನಲ್ಲಿ ಮುದ್ರಿಸಿ ಕಳಿಸುತ್ತಿದ್ದರು. ದೇಶದ ಮೂಲೆಮೂಲೆಯಿಂದ ಬಂದ ಸಾವಿರಾರು ಟೇಪುಗಳನ್ನು ಮೇಷ್ಟ್ರು ಬೆಳಗಿನ ಜಾವವೇ ಎದ್ದು ಕೇಳಿ, ಪ್ರತಿ ಮಗುವಿಗೂ ಮೆಚ್ಚುಗೆ, ಸಲಹೆ ಮುದ್ರಿಸಿ ಕಳಿಸುತ್ತಿದ್ದರು. ಇದನ್ನು ಮುಪ್ಪಿನವರೆಗೂ ಬಿಡಲಿಲ್ಲ.

1955ರಲ್ಲಿ ಟೋಕಿಯೋದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ನಿಂತು ನುಡಿಸಿದಾಗ ಜಪಾನೇ ಬೆರಗಾಯಿತು. 1961ರಲ್ಲಿ ಜಗದ್ವಿಖ್ಯಾತ ಚೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಟೋಕಿಯೋಗೆ ಬಂದಿದ್ದಾಗ ಸುಮಾರು 400 ಮಕ್ಕಳು ಅವರೆದುರು ನುಡಿಸಿದರು. ಆ ವೃದ್ಧ ಕಲಾವಿದರು ಸುಜುಕಿಯವರನ್ನು ಅಪ್ಪಿಕೊಂಡು ಅತ್ತೇಬಿಟ್ಟರು. 1964ರಲ್ಲಿ ಹತ್ತು ಮಕ್ಕಳ ತಂಡ ಅಮೆರಿಕಕ್ಕೆ ಹೋಗಿ ಬಂದ ಮೇಲಂತೂ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ಗಂಡನ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿ ಹೊರಜಗತ್ತಿಗೆ ತಲುಪಿಸಿದವರು ಪತ್ನಿ ವಾಲ್ಟ್ರೌಟ್. ಆ ಅನುವಾದ 1969ರಲ್ಲಿ ಪ್ರಕಟವಾಯಿತು.

ಇಷ್ಟಾದರೂ ಪಿಟೀಲುವಾದಕರ ಸೈನ್ಯ ಕಟ್ಟುವುದು ತಮ್ಮ ಗುರಿಯಲ್ಲ ಎಂದೇ ಮೇಷ್ಟ್ರು ಹೇಳುತ್ತಿದ್ದರು. ಒಳ್ಳೆಯ ನಾದ ಕೇಳಿ ಬೆಳೆದ ಮಗುವಿನ ಮನಸ್ಸೂ ಒಳ್ಳೆಯದಾಗುತ್ತದೆ, ಅಷ್ಟಾದರೆ ಸಾಕು ಎಂಬುದು ಅವರ ನಿಲುವು. 1998ರ ಜನವರಿ 26ರಂದು ಮಾತ್ಸುಮೊತೊದಲ್ಲೇ ಅವರು ತೀರಿಕೊಂಡಾಗ ನೂರು ತುಂಬಲು ಕೆಲವೇ ತಿಂಗಳು ಬಾಕಿ ಇತ್ತು.

ಎಲ್ಲವೂ ಸರಿಯೇ?

ಹಾಗಂತ ಅವರು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಸಾಲಾಗಿ ನಿಂತು ಒಂದೇ ಥರ ನುಡಿಸುವ ಮಕ್ಕಳು ಕೀಲುಗೊಂಬೆಗಳಂತೆ ಕಾಣುತ್ತಾರೆ, ಸ್ವರಲಿಪಿ ಓದಲು ತಡವರಿಸುತ್ತಾರೆ ಎಂದು ಟೀಕಿಸಿದವರಿದ್ದಾರೆ. ಪರಿಸರವೇ ಎಲ್ಲ ಎಂದು ಸಾಧಿಸಲು ಸುಜುಕಿ ನಮ್ಮ ದೇಶದ ಕಥೆಯೊಂದನ್ನೂ ಬಳಸಿದ್ದರು. ಬಂಗಾಳದ ಮಿಡ್ನಾಪುರದಲ್ಲಿ 1920ರ ದಶಕದಲ್ಲಿ ಸುದ್ದಿಯಾದ, ತೋಳಗಳು ಸಾಕಿದವೆನ್ನಲಾದ ಅಮಲಾ, ಕಮಲಾ ಎಂಬ ಹುಡುಗಿಯರ ಕಥೆ ಅದು. ಆ ಕಥೆಯನ್ನು ವಿದ್ವಾಂಸರು ಈಗ ನಂಬುವುದಿಲ್ಲ. ಹುಟ್ಟುಗುಣ, ಪರಿಸರ ಎರಡಕ್ಕೂ ಪಾಲಿದೆ ಎಂಬುದೇ ಇಂದಿನ ತಿಳಿವಳಿಕೆ.

ಇನ್ನೊಂದು ಮಾತು ನಮಗೆ ಸಂಬಂಧಿಸಿದ್ದು. ಮಗು ಕಲಿಯದಿದ್ದರೆ ಅಮ್ಮನದೇ ತಪ್ಪು ಎಂಬಂತಾಗುವುದಿಲ್ಲವೇ? ಅಡುಗೆ, ಹೋಮ್‌ವರ್ಕ್, ಅತ್ತೆ ಮಾವನ ಔಷಧಿ, ಇದರ ಮೇಲೆ ಪಿಟೀಲು ಬೇರೆ! ಈ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಇಂದು ಅಮ್ಮನ ಜಾಗದಲ್ಲಿ ಅಪ್ಪ ಕೂರಬಹುದು, ಅಜ್ಜ ಅಜ್ಜಿಯೂ ಕೂರಬಹುದು. ಸುಜುಕಿ ಶಾಲೆಗಳೂ ಈಗ 'ಪೋಷಕರು' ಎಂದೇ ಹೇಳುತ್ತವೆ.

ಆದರೆ ಇದನ್ನು ಹೊರೆ ಅಂತ ಮಾತ್ರ ನೋಡಬೇಕಾಗಿಲ್ಲ. ಮದುವೆಗೆ ಮುಂಚೆ ವೀಣೆ ಕಲಿಯುತ್ತಿದ್ದವರು, ಜೂನಿಯರ್ ಪರೀಕ್ಷೆ ಪಾಸು ಮಾಡಿ ನಿಲ್ಲಿಸಿದವರು, ಆಸೆಯಿದ್ದೂ ಮನೆಯಲ್ಲಿ ಕಳಿಸಲಿಲ್ಲ ಎಂದು ಕೊರಗುವವರು ನಮ್ಮಲ್ಲಿ ಎಷ್ಟು ಜನರಿಲ್ಲ? 'ಇನ್ನೇನು ಬಿಡಿ, ನಮ್ಮದೆಲ್ಲ ಮುಗೀತು, ಮಕ್ಕಳಾದರೂ ಕಲೀಲಿ' ಎನ್ನುತ್ತೇವೆ. ಮಗುವಿನ ಹೆಸರಿನಲ್ಲಾದರೂ ಸರಿ, ಅಮ್ಮನ ಕೈಗೆ ಮತ್ತೆ ವಾದ್ಯ ಕೊಟ್ಟದ್ದು ಈ ಮೇಷ್ಟ್ರು ನಮಗೆ ಮಾಡಿದ ಉಪಕಾರ. ಹದಿನೇಳಕ್ಕೆ ತಡವಾಯಿತು ಎನ್ನಿಸಿಕೊಂಡವರು ಅಷ್ಟೆಲ್ಲ ಮಾಡಿದರು. ಮೂವತ್ತೈದಕ್ಕೆ ನಾವು ಒಂದು ಗೀತೆ ನುಡಿಸಲಾರೆವೇ?

ಅಮ್ಮಂದಿರಿಗೆ ಕಿವಿಮಾತು

* ಮಗು ಕಲಿಯುತ್ತಿರುವ ಪಾಠದ ಧ್ವನಿಮುದ್ರಣ ಸಿಕ್ಕರೆ ದಿನಾ ಹಾಕಿ. ಕೂತು ಕೇಳೆಂದು ಬಲವಂತ ಬೇಡ. ತಿಂಡಿ ತಿನ್ನುವಾಗ, ಆಡುವಾಗ ಕಿವಿಗೆ ಬಿದ್ದರೆ ಸಾಕು.

* ಗುರುಗಳು ಒಪ್ಪಿದರೆ ಕ್ಲಾಸಿನಲ್ಲಿ ನೀವೂ ಕೂತು ನೋಡಿ. ಮನೆಯಲ್ಲಿ ಹೇಳಿಕೊಡುವಾಗ ಅವರ ಪದ್ಧತಿಯನ್ನೇ ಅನುಸರಿಸಿ, ನಿಮ್ಮದೊಂದು ಹೊಸ ದಾರಿ ಬೇಡ.

* ಸಣ್ಣ ಮಕ್ಕಳಿಗೆ ಸಣ್ಣ ಅಳತೆಯ ಪಿಟೀಲುಗಳೇ ಇವೆ. ಕಾಲು, ಅರ್ಧ, ಮುಕ್ಕಾಲು ಅಳತೆಯವಲ್ಲದೆ ಹದಿನಾರನೇ ಒಂದು ಅಳತೆಯದೂ ಸಿಗುತ್ತದೆ. ಮುಂದೆ ಆಗುತ್ತೆ ಅಂತ ದೊಡ್ಡದು ಕೊಂಡರೆ ಮಗುವಿನ ಕೈ, ಕತ್ತು ನೋಯುತ್ತದೆ. ತೋಳಿನ ಉದ್ದ ನೋಡಿ ಗುರುಗಳೇ ಅಳತೆ ಹೇಳಲಿ.

* ತೀರಾ ಪುಟ್ಟ ಮಗುವಾದರೆ ರಟ್ಟಿನ ಡಬ್ಬಿಗೆ ಅಡಿಪಟ್ಟಿ ಅಂಟಿಸಿ ಆಟದ ಪಿಟೀಲು ಮಾಡಿಕೊಡಿ. ಹಿಡಿಯುವ ಭಂಗಿ ಅದರಲ್ಲೇ ಅಭ್ಯಾಸವಾಗುತ್ತದೆ, ಬಿದ್ದರೆ ದುಡ್ಡಿನ ಚಿಂತೆಯೂ ಇಲ್ಲ.

* ಐದು ನಿಮಿಷದಿಂದ ಶುರು ಮಾಡಿ, ಆದರೆ ದಿನಾ ಮಾಡಿ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ಇದೇ ಮೇಲು. ಮಗು 'ಇನ್ನೂ ಸ್ವಲ್ಪ' ಎನ್ನುವಾಗಲೇ ನಿಲ್ಲಿಸುವುದು ಜಾಣತನ.

* ಹೊಸ ಪಾಠ ಬಂದಿತೆಂದು ಹಳೆಯದನ್ನು ಮೂಲೆಗೆ ಹಾಕಬೇಡಿ. ಬಂದದ್ದನ್ನೇ ಮತ್ತೆ ನುಡಿಸುವಾಗ ಮಗುವಿಗೆ ಧೈರ್ಯ ಬರುತ್ತದೆ, ನಾದವೂ ತಿಳಿಯಾಗುತ್ತದೆ.

* 'ಎದುರುಮನೆ ಹುಡುಗಿ ಆಗಲೇ ವರ್ಣಕ್ಕೆ ಬಂದಳು' ಎಂಬ ಮಾತು ಬೇಡವೇ ಬೇಡ. ಬೇಗ ಮಾತು ಕಲಿತ ಮಗು, ತಡವಾಗಿ ಕಲಿತ ಮಗು ಇಬ್ಬರೂ ಈಗ ಒಂದೇ ಸಮ ಹರಟೆ ಹೊಡೆಯುತ್ತಿಲ್ಲವೇ?

* ತಪ್ಪು ಹೇಳುವ ಮೊದಲು ಸರಿಯಾದದ್ದೊಂದನ್ನು ಹುಡುಕಿ ಹೇಳಿ. ನಿಂತ ಭಂಗಿ ಚೆನ್ನಾಗಿತ್ತು ಎಂದರೂ ಆದೀತು.

* ವಾರಕ್ಕೊಮ್ಮೆ ಮನೆಯವರನ್ನೆಲ್ಲ ಕೂರಿಸಿ ಐದು ನಿಮಿಷದ ಕಛೇರಿ ಮಾಡಿಸಿ. ಮೊದಲ ಬಾರಿ ಮಗುವಿನದು, ಎರಡನೆಯದು ಕಡ್ಡಾಯವಾಗಿ ಅಮ್ಮನದು. ಚಪ್ಪಾಳೆ ತಟ್ಟುವ ಕೆಲಸ ಯಜಮಾನರಿಗಿರಲಿ!